ಯೆಫ್ತಾಹನ ಹರಕೆ ಮತ್ತು ಮೇಳದ ತೀರ್ಪು

ಬೈಬಲಿನ ಹಳೆಯ ಒಡಂಬಡಿಕೆಯ ‘ನ್ಯಾಯಸ್ಥಾಪಕರು’ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಬರುವ ಯೆಫ್ತಾಹನ ಕಥೆಯಲ್ಲಿ ದೇವದೂತನಿಲ್ಲ. ಹರಕೆ ಹೊತ್ತ ತಂದೆಯಿದ್ದಾನೆ, ಆ ಹರಕೆಗೆ ಗುರಿಯಾದ ಒಬ್ಬಳೇ ಮಗಳಿದ್ದಾಳೆ. ಅವರಿಬ್ಬರ ನಡುವೆ ಬಂದು ಕೈ ಹಿಡಿದು ತಡೆಯುವವರು ಯಾರೂ ಇಲ್ಲ. ಆದರೆ 1752ರ ಫೆಬ್ರವರಿ 26ರಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಬಾರಿಗೆ ಕೇಳಿಬಂದ ಹ್ಯಾಂಡೆಲನ ‘ಜೆಫ್ತಾ’ ಎಂಬ ಒರಟೋರಿಯೊದಲ್ಲಿ ದೇವದೂತ ಬರುತ್ತಾನೆ. ಬಲಿಗೆ ಸಿದ್ಧಳಾಗಿ ನಿಂತವಳನ್ನು ಬಿಡಿಸುತ್ತಾನೆ. ಅವಳು ಸಾಯುವುದಿಲ್ಲ, ಆಜೀವ ಕನ್ಯೆಯಾಗಿ ದೇವರ ಸೇವೆಗೆ ಮೀಸಲಾಗುತ್ತಾಳೆ. ಮೂಲಕಥೆಯ ಅತ್ಯಂತ ಕಠಿಣವಾದ ಒಂದು ವಾಕ್ಯವನ್ನು ಅಳಿಸಿ, ಅದರ ಜಾಗದಲ್ಲಿ ಸಮಾಧಾನದ ಕೆಲವು ಪುಟಗಳನ್ನು ಬರೆದಂತಾಗಿದೆ.

ಈ ಬದಲಾವಣೆಯ ಬಗ್ಗೆ ವಿಮರ್ಶಾಲೋಕದಲ್ಲಿ ಎರಡು ನಿಲುವುಗಳು ಪ್ರಚಲಿತವಾಗಿವೆ. ಹ್ಯಾಂಡೆಲನ ಒರಟೋರಿಯೊಗಳನ್ನು ಕುರಿತು 1959ರಲ್ಲಿ ಬೃಹತ್ ಗ್ರಂಥವನ್ನು ಪ್ರಕಟಿಸಿದ ವಿಂಟನ್ ಡೀನ್ ಅವರಂಥ ವಿದ್ವಾಂಸರು ಈ ಮುಕ್ತಾಯವನ್ನು ರುದ್ರನಾಟಕಕ್ಕೆ ಬಡಿದ ದೋಷವೆಂದು ಕಂಡರು. ಗೀತಪಠ್ಯಗಳನ್ನು ಹದಿನೆಂಟನೆಯ ಶತಮಾನದ ಧಾರ್ಮಿಕ ಚಿಂತನೆಯ ಬೆಳಕಿನಲ್ಲಿ ಓದಬೇಕೆಂದು 1995ರ ತಮ್ಮ ಅಧ್ಯಯನದಲ್ಲಿ ತೋರಿಸಿದ ರೂತ್ ಸ್ಮಿತ್ ಅವರ ಹಾದಿಯಲ್ಲಿ ನಡೆದವರು, ಅಂದಿನ ಶ್ರೋತೃಗಳಿಗೆ ಇಂಥ ಮುಕ್ತಾಯ ಸಹಜವಾಗಿಯೇ ಇತ್ತೆಂದು ವಾದಿಸಬಲ್ಲರು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಚರ್ಚೆಗಳು ಕಥೆ ಎಲ್ಲಿ ಮುಗಿಯಿತು ಎಂಬುದರ ಸುತ್ತಲೇ ತಿರುಗುವ ಅಪಾಯವಿದೆ. ಸಮೂಹಗಾನವೇ ಬೆನ್ನೆಲುಬಾಗಿರುವ ಕೃತಿಯಲ್ಲಿ ತೀರ್ಪನ್ನು ಕಥೆಯ ಕೊನೆಯಲ್ಲಿ ಹುಡುಕುವುದಕ್ಕಿಂತ ಮೇಳದ ಬಾಯಲ್ಲಿ ಹುಡುಕುವುದು ಉಚಿತ. ಹಾಗೆ ಹುಡುಕಿದರೆ ದೇವದೂತ ಬರುವುದಕ್ಕೆ ಬಹಳ ಮೊದಲೇ ತೀರ್ಪು ಬಂದುಹೋಗಿದೆ. ದೇವದೂತ ಅದನ್ನು ರದ್ದುಗೊಳಿಸಲಾರ. ಆದರೆ ಅವನ ಆಗಮನದಿಂದ ನಿಜವಾಗಿ ನಷ್ಟವಾದ ಸಂಗತಿಯೊಂದಿದೆ. ಅದು ರುದ್ರನಾಟಕದ ಕಟ್ಟಡವಲ್ಲ, ಸತ್ತವಳಿಗಾಗಿ ಅಳುವ ಹೆಣ್ಣುಮಕ್ಕಳ ಹಕ್ಕು.

ಮೂಲಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಯೆಫ್ತಾಹನು ಗಿಲ್ಯಾದಿನವನು, ಪರಾಕ್ರಮಿ. ಆದರೆ ವೇಶ್ಯೆಯ ಮಗ. ತಂದೆಯ ಧರ್ಮಪತ್ನಿಯ ಮಕ್ಕಳು ಆಸ್ತಿಯಲ್ಲಿ ಪಾಲಿಲ್ಲವೆಂದು ಅವನನ್ನು ಹೊರಗಟ್ಟುತ್ತಾರೆ. ಅವನು ಟೋಬ್ ದೇಶದಲ್ಲಿ ಪುಂಡರ ಗುಂಪಿನೊಡನೆ ಬದುಕುತ್ತಾನೆ. ಅಮ್ಮೋನಿಯರು ದಂಡೆತ್ತಿ ಬಂದಾಗ ಗಿಲ್ಯಾದಿನ ಹಿರಿಯರಿಗೆ ಹೊರಗಟ್ಟಿದವನ ನೆನಪಾಗುತ್ತದೆ. ಅವನು ಸುಮ್ಮನೆ ಒಪ್ಪುವುದಿಲ್ಲ. ಗೆದ್ದರೆ ತನ್ನನ್ನೇ ನಾಯಕನನ್ನಾಗಿ ಮಾಡಬೇಕೆಂದು ಮಾತು ಕಟ್ಟಿಕೊಂಡು ಬರುತ್ತಾನೆ. ಯುದ್ಧಕ್ಕೆ ಮೊದಲು ಅಮ್ಮೋನಿಯರ ಅರಸನಿಗೆ ದೂತರನ್ನು ಕಳುಹಿಸಿ, ಮುನ್ನೂರು ವರ್ಷಗಳ ಚರಿತ್ರೆಯನ್ನು ಮುಂದಿಟ್ಟು ವಾದ ಮಾಡುತ್ತಾನೆ. ಹೀಗೆ ಈ ಮನುಷ್ಯನು ಮೊದಲಿನಿಂದಲೂ ಮಾತಿನ ವ್ಯವಹಾರದಲ್ಲಿ ಪಳಗಿದವನು. ದೇವರೊಡನೆಯೂ ಅವನು ಅದೇ ರೀತಿ ಮಾತು ಕಟ್ಟುತ್ತಾನೆ: ಗೆದ್ದು ಕ್ಷೇಮವಾಗಿ ಮರಳಿದರೆ, ತನ್ನನ್ನು ಎದುರುಗೊಳ್ಳಲು ಮನೆಯ ಬಾಗಿಲಿನಿಂದ ಹೊರಬರುವುದನ್ನು ಸರ್ವಾಂಗಹೋಮವಾಗಿ ಅರ್ಪಿಸುವೆನೆಂದು.

ಅವನು ಇಪ್ಪತ್ತು ಪಟ್ಟಣಗಳನ್ನು ಗೆಲ್ಲುತ್ತಾನೆ. ಮಿಚ್ಪದ ಮನೆಗೆ ಮರಳಿದಾಗ ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಎದುರು ಬರುವವಳು ಅವನ ಒಬ್ಬಳೇ ಮಗಳು. ಅವಳಲ್ಲದೆ ಅವನಿಗೆ ಬೇರೆ ಮಕ್ಕಳಿಲ್ಲ. ಅವನು ಬಟ್ಟೆ ಹರಿದುಕೊಳ್ಳುತ್ತಾನೆ. ಆದರೆ ಅವನ ಮೊದಲ ಮಾತು ತನ್ನ ಸಂಕಟವನ್ನು ಕುರಿತದ್ದು, ಮಗಳೇ ತನ್ನನ್ನು ಕುಗ್ಗಿಸಿದಳೆಂಬ ಧಾಟಿಯದು. ಮಗಳು ವಾದಿಸುವುದಿಲ್ಲ. ಕೊಟ್ಟ ಮಾತನ್ನು ನಡೆಸೆಂದು ಹೇಳಿ, ಗೆಳತಿಯರೊಡನೆ ಬೆಟ್ಟಗಳಲ್ಲಿ ಅಲೆದು ತನ್ನ ಕನ್ಯಾವಸ್ಥೆಗಾಗಿ ಗೋಳಾಡಲು ಎರಡು ತಿಂಗಳ ಅವಕಾಶ ಬೇಡುತ್ತಾಳೆ. ಅವಧಿ ಮುಗಿದ ಮೇಲೆ ಮರಳಿ ಬರುತ್ತಾಳೆ. ತಂದೆ ಹರಕೆಯಂತೆ ಮಾಡಿದನೆಂದು ಗ್ರಂಥ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತದೆ. ಬೆಂಕಿಯಿಲ್ಲ, ಕತ್ತಿಯಿಲ್ಲ, ವರ್ಣನೆಯಿಲ್ಲ. ಅದಾದ ಬಳಿಕ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಹೊರಟುಹೋಗಿ ಅವಳಿಗಾಗಿ ಶೋಕಿಸುವ ಪದ್ಧತಿ ಹುಟ್ಟಿತೆಂಬ ಮಾತಿನಿಂದ ಅಧ್ಯಾಯ ಕೊನೆಗೊಳ್ಳುತ್ತದೆ.

ಈ ಕಥನದ ಅತ್ಯಂತ ದೊಡ್ಡ ಗುಣವೆಂದರೆ ಅದರ ಮೌನ. ದೇವರು ಆ ಹರಕೆಯನ್ನು ಕೇಳಿರಲಿಲ್ಲ. ಕೇಳಿದ ಮೇಲೆ ಒಪ್ಪಿದನೆಂದೂ ಹೇಳಿಲ್ಲ, ತಿರಸ್ಕರಿಸಿದನೆಂದೂ ಹೇಳಿಲ್ಲ. ನಿರೂಪಕನೂ ತಂದೆಯನ್ನು ಹೊಗಳುವುದಿಲ್ಲ, ತೆಗಳುವುದಿಲ್ಲ. ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅಬ್ರಹಾಮನು ಇಸಾಕನ ಮೇಲೆ ಕತ್ತಿಯೆತ್ತಿದಾಗ ಆಕಾಶದಿಂದ ದೂತನ ಧ್ವನಿ ಕೇಳಿಬರುತ್ತದೆ, ಪೊದೆಯಲ್ಲಿ ಸಿಕ್ಕಿಕೊಂಡ ಟಗರು ಕಾಣಿಸುತ್ತದೆ. ಅಲ್ಲಿ ಮಗನನ್ನು ಕುರಿತು ಹೇಳಿದ ‘ಒಬ್ಬನೇ’ ಎಂಬ ಹೀಬ್ರೂ ಪದದ ಸ್ತ್ರೀರೂಪವೇ ಇಲ್ಲಿ ಮಗಳಿಗೆ ಬಂದಿದೆ. ಪದ ಹಾಗೆ ಅವನನ್ನು ನೆನಪಿಸುತ್ತದೆ. ದೂತ ಮಾತ್ರ ಬರುವುದಿಲ್ಲ. ದೇವರೇ ಬೇಡಿದ ಬಲಿಯನ್ನು ದೇವರೇ ತಡೆದ ಕಥೆ ಒಂದು. ದೇವರು ಬೇಡದ ಬಲಿಯನ್ನು ಯಾರೂ ತಡೆಯದ ಕಥೆ ಇನ್ನೊಂದು. ಇಸಾಕನ ಹೆಸರು ಎಲ್ಲರಿಗೂ ಗೊತ್ತು. ಯೆಫ್ತಾಹನ ಮಗಳಿಗೆ ಗ್ರಂಥದಲ್ಲಿ ಹೆಸರೇ ಇಲ್ಲ.

ಮೌನವನ್ನು ತುಂಬುವ ಪ್ರಯತ್ನ ಬಹಳ ಹಿಂದೆಯೇ ಆರಂಭವಾಯಿತು. ಫಿಲೋ ಎಂಬವನ ಹೆಸರಿನಲ್ಲಿ ಉಳಿದುಬಂದ ಒಂದು ಪ್ರಾಚೀನ ಯೆಹೂದಿ ಗ್ರಂಥ ಅವಳಿಗೆ ಸೇಲಾ ಎಂಬ ಹೆಸರು ಕೊಟ್ಟು, ಬೆಟ್ಟದ ಮೇಲೆ ದೀರ್ಘವಾದ ಶೋಕವನ್ನು ಹಾಡಿಸಿತು. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆ ತಂದೆಯನ್ನು ವಿಶ್ವಾಸವೀರರ ಸಾಲಿನಲ್ಲಿ ನಿಲ್ಲಿಸಿತು. ಅಲ್ಲಿ ಮಗಳ ಮಾತಿಲ್ಲ. ಯೆಹೂದಿ ವ್ಯಾಖ್ಯಾನ ಪರಂಪರೆಯ ಆದಿಕಾಂಡ ರಬ್ಬಾ ಮಾತ್ರ ನೇರವಾಗಿ ಕೇಳಿತು: ಹರಕೆಯನ್ನು ಬಿಡಿಸುವ ಅಧಿಕಾರವುಳ್ಳ ಯಾಜಕ ಫೀನೆಹಾಸನು ಇರಲಿಲ್ಲವೇ? ಇದ್ದನು. ಆದರೆ ನಾಯಕನಾದ ತಾನು ಯಾಜಕನ ಬಳಿಗೆ ಹೋಗುವುದೇ ಎಂದು ಇವನು, ಮಹಾಯಾಜಕನಾದ ತಾನು ಇವನ ಬಳಿಗೆ ಹೋಗುವುದೇ ಎಂದು ಅವನು; ಇಬ್ಬರ ಒಣ ಪ್ರತಿಷ್ಠೆಯ ನಡುವೆ ಹುಡುಗಿ ಸತ್ತಳೆಂದು ಆ ವ್ಯಾಖ್ಯಾನ ಹೇಳುತ್ತದೆ. ಮಧ್ಯಯುಗದ ವ್ಯಾಕರಣವಿದ್ವಾಂಸ ದಾವೀದ್ ಕಿಮ್ಹಿ ತನ್ನ ತಂದೆಯ ಮತವನ್ನು ಅನುಸರಿಸಿ ಇನ್ನೊಂದು ದಾರಿ ತೋರಿಸಿದನು. ಹರಕೆಯ ವಾಕ್ಯದಲ್ಲಿರುವ ‘ಮತ್ತು’ ಎಂಬ ಅವ್ಯಯವನ್ನು ‘ಅಥವಾ’ ಎಂದು ಓದಿದರೆ, ಹೊರಬಂದದ್ದು ದೇವರಿಗೆ ಮೀಸಲಾಗುವುದು ಅಥವಾ ಬಲಿಗೆ ಯೋಗ್ಯವಾಗಿದ್ದರೆ ಹೋಮವಾಗುವುದು ಎಂದಾಗುತ್ತದೆ. ಆಗ ಮಗಳು ಸತ್ತಿಲ್ಲ, ಏಕಾಂತವಾಸಕ್ಕೆ ಸಂದಿದ್ದಾಳೆ. ಒಂದು ಅವ್ಯಯದ ಮೇಲೆ ಒಂದು ಜೀವ ನಿಂತ ಪ್ರಸಂಗವಿದು; ಸಾಹಿತ್ಯದ ವಿದ್ಯಾರ್ಥಿಗಳಿಗೆ ವ್ಯಾಕರಣದ ಬೆಲೆಯನ್ನು ತಿಳಿಸಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕನ್ನಡದ ಓದುಗನು ಈ ಕಥೆಗೆ ಬರುವಾಗ ಕೊಟ್ಟ ಮಾತಿಗೆ ತಪ್ಪದವರ ಬಗೆಗಿನ ಗೌರವವನ್ನು ಜೊತೆಗೆ ತಂದಿರುತ್ತಾನೆ. ಅಲ್ಲಿ ಒಂದು ಎಚ್ಚರ ಬೇಕು. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿಗಾಗಿ ತಂದು ನಿಲ್ಲಿಸಿದ್ದು ತನ್ನ ಮೈಯನ್ನು. ಯೆಫ್ತಾಹನು ಕೊಟ್ಟ ಮಾತಿಗೆ ತೆತ್ತದ್ದು ಇನ್ನೊಬ್ಬಳ ಜೀವವನ್ನು. ಸತ್ಯನಿಷ್ಠೆ ಎಂಬ ಒಂದೇ ಹೆಸರಿನಡಿ ಈ ಎರಡನ್ನೂ ತರಲು ಬಾರದು.

ಈ ಕಥೆ ಸಮೂಹಗಾನಕ್ಕೆ ಒಲಿದದ್ದು ಆಕಸ್ಮಿಕವಲ್ಲ. ಒರಟೋರಿಯೊ ಎಂಬ ಪ್ರಕಾರ ರೋಮ್ ನಗರದ ಪ್ರಾರ್ಥನಾಮಂದಿರಗಳಲ್ಲಿ ಬೆಳೆಯಿತು. ಆ ಮಂದಿರದ ಹೆಸರೇ ಪ್ರಕಾರಕ್ಕೂ ನಿಂತಿತು. ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಅಭಿನಯವಿಲ್ಲದೆ ಪವಿತ್ರಕಥೆಯೊಂದನ್ನು ಏಕವ್ಯಕ್ತಿಗಾನ ಮತ್ತು ಸಮೂಹಗಾನಗಳಿಂದ ನಿರೂಪಿಸುವುದು ಅದರ ಲಕ್ಷಣ. ನೋಡುವುದಕ್ಕೆ ಏನೂ ಇಲ್ಲವಾದ್ದರಿಂದ ಎಲ್ಲ ಭಾರವೂ ಕಿವಿಯ ಮೇಲೆ ಬೀಳುತ್ತದೆ. ಗ್ರೀಕ್ ನಾಟಕದ ಕೋರಸ್ಸಿಗೆ ಕನ್ನಡದಲ್ಲಿ ‘ಮೇಳ’ವೆಂಬ ಹೆಸರು ನಿಂತಿದೆ; ಒರಟೋರಿಯೊದ ಸಮೂಹಗಾನಕ್ಕೂ ಅದೇ ಹೆಸರು ಹೊಂದುತ್ತದೆ. ಅದು ಒಮ್ಮೆ ಜನಸಮುದಾಯ, ಒಮ್ಮೆ ಸೈನ್ಯ, ಒಮ್ಮೆ ಯಾಜಕವೃಂದ. ಇನ್ನೊಮ್ಮೆ ಕಥೆಯಿಂದ ಹೊರಬಂದು ಕಥೆಯ ಅರ್ಥವನ್ನು ಕೇಳುವ ಸಾಕ್ಷಿ. ಯೆಫ್ತಾಹನ ಕಥೆಯಲ್ಲಿ ಈ ಮೇಳ ಹೊರಗಿನಿಂದ ಸೇರಿದ ಅಲಂಕಾರವಲ್ಲ. ವರ್ಷಕ್ಕೆ ನಾಲ್ಕು ದಿನ ಒಟ್ಟಾಗಿ ಶೋಕಿಸುವ ಹೆಣ್ಣುಮಕ್ಕಳು ಮೂಲಗ್ರಂಥದಲ್ಲಿಯೇ ಇದ್ದಾರೆ. ಅವರ ಕ್ರಿಯೆಯನ್ನು ಸೂಚಿಸುವ ಹೀಬ್ರೂ ಕ್ರಿಯಾಪದಕ್ಕೆ ಶೋಕಿಸುವುದು ಎಂಬಂತೆ ಸ್ಮರಿಸಿ ಹೇಳುವುದು ಎಂಬ ಅರ್ಥವನ್ನೂ ಕೊಡುತ್ತಾರೆ. ಕನ್ನಡದ ‘ಹಾಡಿಕೊಂಡು ಅಳುವುದು’ ಎಂಬ ಮಾತು ಆ ಎರಡೂ ಅರ್ಥಗಳನ್ನು ಒಮ್ಮೆಗೇ ಹಿಡಿಯುತ್ತದೆ.

ಈ ಸಂಗತಿಯನ್ನು ಸರಿಯಾಗಿ ಗ್ರಹಿಸಿದ ಮೊದಲ ಮಹತ್ವದ ಸಂಗೀತಗಾರನೆಂದರೆ ಜಾಕೊಮೊ ಕಾರಿಸ್ಸಿಮಿ. 1605ರಲ್ಲಿ ರೋಮ್ ಬಳಿಯ ಮರಿನೊದಲ್ಲಿ ಹುಟ್ಟಿದ ಇವನು 1629ರಿಂದ 1674ರಲ್ಲಿ ತೀರಿಕೊಳ್ಳುವವರೆಗೂ ಜೆಸ್ಯೂಟರ ಜರ್ಮನ್ ಕಾಲೇಜಿನಲ್ಲಿ ಸಂಗೀತದ ಮುಖ್ಯಸ್ಥನಾಗಿದ್ದನು. ಇವನ ಲ್ಯಾಟಿನ್ ಕೃತಿ ‘ಜೆಫ್ತೆ’ 1650ರಲ್ಲಿ ಪ್ರಕಟವಾದ ಅಥಾನೇಸಿಯಸ್ ಕಿರ್ಷರನ ಸಂಗೀತಶಾಸ್ತ್ರಗ್ರಂಥದಲ್ಲಿಯೇ ಪ್ರಶಂಸೆಗೆ ಪಾತ್ರವಾಗಿದೆ. ಆದ್ದರಿಂದ ಅದಕ್ಕೆ ಮೊದಲೇ ರಚಿತವಾಗಿತ್ತೆಂಬುದು ನಿಶ್ಚಿತ. ಹಾಡಲು ಅರ್ಧ ಗಂಟೆಯೂ ಬೇಡದ ಚಿಕ್ಕ ಕೃತಿ. ಇದರಲ್ಲಿ ನಿರೂಪಕನ ಪಾತ್ರ ಒಬ್ಬ ಗಾಯಕನಿಗೆ ಕಟ್ಟುಬಿದ್ದಿಲ್ಲ. ಕಥೆ ಹೇಳುವ ಹೊಣೆ ಒಂದು ಕಂಠದಿಂದ ಇನ್ನೊಂದಕ್ಕೆ, ಒಮ್ಮೆ ಇಬ್ಬರಿಗೆ, ಒಮ್ಮೆ ಇಡೀ ಮೇಳಕ್ಕೆ ಸಾಗುತ್ತದೆ. ಊರೇ ಕಥೆ ಹೇಳುತ್ತಿರುವಂತೆ ತೋರುತ್ತದೆ.

ಕಾರಿಸ್ಸಿಮಿಯ ಕಥನಕೌಶಲ ಎರಡು ನಿರ್ಧಾರಗಳಲ್ಲಿದೆ. ಮೊದಲನೆಯದು, ಮಗಳು ತಂದೆಯನ್ನು ಎದುರುಗೊಳ್ಳುವ ಸಂತೋಷದ ಗಾನವನ್ನು ಅವನು ಅವಸರದಿಂದ ಮುಗಿಸುವುದಿಲ್ಲ. ಅವಳು ಹಾಡುತ್ತಾಳೆ, ಗೆಳತಿಯರು ಸೇರಿಕೊಳ್ಳುತ್ತಾರೆ, ಸಮೂಹ ಮರುಹಾಡುತ್ತದೆ. ಶ್ರೋತೃವಿಗೆ ಹರಕೆಯ ವಿಷಯ ಗೊತ್ತು, ಅವಳಿಗೆ ಗೊತ್ತಿಲ್ಲ. ಸಂತೋಷ ಉದ್ದವಾದಷ್ಟೂ ಕೇಳುವವರ ಎದೆ ಭಾರವಾಗುತ್ತದೆ. ಎರಡನೆಯದು, ಅವನು ಬಲಿಯನ್ನು ಹೇಳುವುದೇ ಇಲ್ಲ. ಮಗಳು ಬೆಟ್ಟದಲ್ಲಿ ನಿಂತು ಗೋಳಾಡುತ್ತಾಳೆ. ಅವಳ ವಾಕ್ಯದ ಕೊನೆಯ ಪದಗಳನ್ನು ಎರಡು ಮೇಲುಕಂಠಗಳು ಬೆಟ್ಟದ ಮಾರ್ದನಿಯಂತೆ ಹಿಂದಿರುಗಿಸುತ್ತವೆ. ಮನುಷ್ಯರು ಉತ್ತರ ಕೊಡದಿದ್ದಾಗ ಕಲ್ಲುಬಂಡೆ ಕೊಟ್ಟ ಉತ್ತರವದು. ಆಮೇಲೆ ಆರು ಧ್ವನಿಗಳ ಸಮೂಹಗಾನ ಇಸ್ರಾಯೇಲಿನ ಮಕ್ಕಳನ್ನೂ ಕನ್ಯೆಯರನ್ನೂ ಅಳಲು ಕರೆಯುತ್ತದೆ. ಒಂದು ಸ್ವರ ಇಳಿಯಬೇಕಾದಲ್ಲಿ ಇಳಿಯದೆ ಮುಂದಿನ ಸ್ವರಕ್ಕೆ ಉಜ್ಜಿಕೊಂಡು ನಿಂತು, ನಿಧಾನವಾಗಿ ಬಿಡುಗಡೆ ಪಡೆಯುವ ಅಪಸ್ವರಗಳ ಸರಪಳಿ ಅದು. ಅಲ್ಲಿಗೆ ಕೃತಿ ಮುಗಿಯುತ್ತದೆ. ತಂದೆ ಮಾತಾಡುವುದಿಲ್ಲ, ದೇವರು ಮಾತಾಡುವುದಿಲ್ಲ. ಮೂಲಗ್ರಂಥದ ಮೌನವನ್ನು ಕಾರಿಸ್ಸಿಮಿ ಮುರಿಯಲಿಲ್ಲ. ಅದರ ಸುತ್ತಲೂ ಅಳುವವರನ್ನು ನಿಲ್ಲಿಸಿದನು.

ಒಂದು ಶತಮಾನದ ನಂತರ, ಲಂಡನ್ನಿನಲ್ಲಿ, ವಾತಾವರಣ ಬೇರೆಯಾಗಿತ್ತು. ಇಂಗ್ಲಿಷ್ ಒರಟೋರಿಯೊವನ್ನು ಹ್ಯಾಂಡೆಲನು ರಂಗಮಂದಿರದಲ್ಲಿ ಬೆಳೆಸಿದನು. 1732ರಲ್ಲಿ ‘ಎಸ್ತರ್’ ಕೃತಿಯನ್ನು ಅಭಿನಯಸಹಿತ ಪ್ರದರ್ಶಿಸಲು ಲಂಡನ್ನಿನ ಬಿಷಪ್ ಎಡ್ಮಂಡ್ ಗಿಬ್ಸನ್ ಅವಕಾಶ ಕೊಡದಿದ್ದ ಮೇಲೆ, ಅಭಿನಯವಿಲ್ಲದ ಗಾನವೇ ರೂಢಿಯಾಯಿತು. ಅದೇ ಕಾಲದಲ್ಲಿ ದೇವರನ್ನು ಒಪ್ಪಿ ಶಾಸ್ತ್ರವನ್ನು ಪ್ರಶ್ನಿಸುವ ತರ್ಕವಾದಿಗಳು ಹಳೆಯ ಒಡಂಬಡಿಕೆಯ ನೈತಿಕತೆಯ ಮೇಲೆ ದಾಳಿ ನಡೆಸಿದ್ದರು. ಯೆಫ್ತಾಹನ ಬಲಿ ಅವರಿಗೆ ಸುಲಭವಾಗಿ ಸಿಕ್ಕ ಆಯುಧ. ಸ್ವಲ್ಪ ಕಾಲದ ನಂತರ, 1764ರಲ್ಲಿ, ವೋಲ್ಟೇರ್ ತನ್ನ ತಾತ್ತ್ವಿಕ ನಿಘಂಟಿನಲ್ಲಿ ಇದೇ ಕಥೆಗೆ ಒಂದು ಲೇಖನವನ್ನು ಮೀಸಲಿಟ್ಟು, ನರಬಲಿಯ ವಿಷಯವನ್ನು ಎತ್ತಿದನು. ಹೀಗಿರುವಾಗ ಚರ್ಚಿನ ಪಾದ್ರಿಯೂ ಗ್ರೀಕ್ ವಿದ್ವಾಂಸನೂ ಆದ ಥಾಮಸ್ ಮೊರೆಲ್ ಈ ಕಥೆಯನ್ನು ಗೀತಪಠ್ಯವಾಗಿ ಬರೆಯುವಾಗ ಮಗಳನ್ನು ಕೊಲ್ಲಿಸದಿದ್ದುದು ಆಶ್ಚರ್ಯವಲ್ಲ. ಅವನು ಸ್ಕಾಟ್ ಮಾನವತಾವಾದಿ ಜಾರ್ಜ್ ಬುಕ್ಯಾನನ್ 1554ರಲ್ಲಿ ಪ್ರಕಟಿಸಿದ ಲ್ಯಾಟಿನ್ ರುದ್ರನಾಟಕದಿಂದ ಮಗಳಿಗೆ ಇಫಿಸ್ ಎಂಬ ಹೆಸರನ್ನೂ ತಾಯಿಗೆ ಸ್ಟೋರ್ಗೆ ಎಂಬ ಹೆಸರನ್ನೂ ಪಡೆದನು. ಮೊದಲ ಹೆಸರು ಯೂರಿಪಿಡೀಸನ ಇಫಿಜೀನಿಯಳನ್ನು ನೆನಪಿಸುತ್ತದೆ. ಎರಡನೆಯದಕ್ಕೆ ಗ್ರೀಕಿನಲ್ಲಿ ಹೆತ್ತವರ ವಾತ್ಸಲ್ಯವೆಂದು ಅರ್ಥ. ಇವರಿಗೆ ಹೇಮರ್ ಎಂಬ ಪ್ರಿಯಕರನನ್ನೂ ಜೆಬುಲ್ ಎಂಬ ಸೋದರನನ್ನೂ ಮೊರೆಲ್ ಸೇರಿಸಿದನು. ಬುಕ್ಯಾನನ್ ಹೆಸರು ಕೊಟ್ಟರೂ ಸಾವನ್ನು ತಪ್ಪಿಸಿರಲಿಲ್ಲ. ಮೊರೆಲ್ ಸಾವನ್ನು ತಪ್ಪಿಸಲು ಕಿಮ್ಹಿಯ ಕಾಲದಿಂದ ಬಂದ ಓದನ್ನು ದೇವದೂತನ ಬಾಯಿಗೆ ಕೊಟ್ಟನು.

ಗೀತಪಠ್ಯದ ದೇವದೂತನನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅವನು ಪವಾಡ ಮಾಡುವುದಿಲ್ಲ, ಟಗರನ್ನೂ ತರುವುದಿಲ್ಲ. ಹರಕೆ ದೈವನಿಯಮವನ್ನು ಮೀರಲಾರದೆಂದೂ, ಸರಿಯಾಗಿ ಪರಿಶೀಲಿಸಿದರೆ ಹರಕೆಯ ಆಶಯವೂ ಬಲಿಯಾಗಿರಲಿಲ್ಲವೆಂದೂ ವಿವರಿಸುತ್ತಾನೆ. ಅವನು ವ್ಯಾಖ್ಯಾನಕಾರ. ಆಕಾಶದಿಂದ ಇಳಿದುಬಂದದ್ದು ಒಂದು ಪಾಠಾಂತರ. ಹಾಗಿದ್ದಲ್ಲಿ ರಬ್ಬಿಗಳ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ: ಆ ನಿಯಮ ಮೊದಲೇ ಇತ್ತಲ್ಲವೇ? ಅದನ್ನು ಬಲ್ಲ ಯಾಜಕರು ಅಲ್ಲಿಯೇ ಇದ್ದರಲ್ಲವೇ? ಮೂರನೆಯ ಅಂಕದಲ್ಲಿ ಮೊರೆಲನ ಯಾಜಕರ ಮೇಳ ಭಯ ಮತ್ತು ಸಂಶಯಗಳ ನಡುವೆ ತೊಳಲಾಡುತ್ತದೆ. ದಾರಿ ತೋರೆಂದು ದೇವರನ್ನು ಬೇಡುತ್ತದೆಯೇ ಹೊರತು ಹರಕೆ ಸಲ್ಲದೆಂದು ಹೇಳುವ ಧೈರ್ಯ ಮಾಡುವುದಿಲ್ಲ. ದೇವದೂತ ಬಂದು ಹೇಳಿದ್ದನ್ನು ಮನುಷ್ಯರೇ ಹೇಳಬಹುದಿತ್ತು. ಬಿಡುಗಡೆಯ ದೃಶ್ಯ ಹೀಗೆ ತನಗರಿವಿಲ್ಲದೆಯೇ ಸುತ್ತ ನಿಂತವರ ಮೇಲೆ ಆರೋಪಪಟ್ಟಿಯಾಗುತ್ತದೆ.

ಇನ್ನು ಹ್ಯಾಂಡೆಲನ ಕಡೆಗೆ ಬರಬಹುದು. ಅವನು ಈ ಕೃತಿಯನ್ನು 1751ರ ಜನವರಿ 21ರಂದು ಆರಂಭಿಸಿದನು. ಫೆಬ್ರವರಿ 13ರಂದು, ಎರಡನೆಯ ಅಂಕದ ಕೊನೆಯ ಸಮೂಹಗಾನವನ್ನು ಬರೆಯುತ್ತಿದ್ದಾಗ, ಎಡಗಣ್ಣಿನ ದೃಷ್ಟಿ ಕುಂದಿದ್ದರಿಂದ ನಿಲ್ಲಿಸಬೇಕಾಯಿತೆಂದು ಹಸ್ತಪ್ರತಿಯ ಪುಟದಲ್ಲಿಯೇ ಜರ್ಮನ್ ಭಾಷೆಯಲ್ಲಿ ಗುರುತು ಹಾಕಿದನು. ಹತ್ತು ದಿನಗಳ ನಂತರ, ತನ್ನ ಅರವತ್ತಾರು ತುಂಬಿದ ದಿನ, ಸ್ವಲ್ಪ ಗುಣವಾಗಿದೆಯೆಂದು ಬರೆದು ಮತ್ತೆ ಆರಂಭಿಸಿದನು. ಕೃತಿ ಪೂರ್ಣಗೊಂಡದ್ದು ಆಗಸ್ಟ್ 30ರಂದು. ತಿಂಗಳೊಂದರಲ್ಲಿ ಒರಟೋರಿಯೊ ಮುಗಿಸುತ್ತಿದ್ದವನಿಗೆ ಏಳು ತಿಂಗಳು ಹಿಡಿಯಿತು. ಬ್ರಿಟಿಷ್ ಲೈಬ್ರರಿಯಲ್ಲಿರುವ ಈ ಹಸ್ತಪ್ರತಿ ಅವನ ಕೊನೆಯ ಹೊಸ ಒರಟೋರಿಯೊದ ದಾಖಲೆ. ಕೆಲವೇ ಕಾಲದಲ್ಲಿ ಅವನು ಪೂರ್ಣ ಕುರುಡನಾದನು. ದೈವದ ನಿರ್ಣಯಗಳು ಕತ್ತಲಲ್ಲಿವೆ, ಮನುಷ್ಯರ ಕಣ್ಣಿಗೆ ಕಾಣವು ಎಂಬ ಅರ್ಥದ ಮಾತುಗಳಿಗೆ ಸಂಗೀತ ಬರೆಯುತ್ತಿದ್ದಾಗಲೇ ಕಣ್ಣು ಸೋತದ್ದು ಎಂಥವರನ್ನೂ ಕಲಕುವ ಸಂಗತಿ.

ಆದರೆ ಈ ಜೀವನಪ್ರಸಂಗ ಕೃತಿಯ ಓದನ್ನು ಅತಿಯಾಗಿ ಆಳಿದೆ. ಸಂಗೀತಗಾರನ ಕಣ್ಣಿನ ನೋವು ಎಷ್ಟು ಮರುಕ ಹುಟ್ಟಿಸುತ್ತದೆಂದರೆ, ಆ ಸಮೂಹಗಾನ ಹುಟ್ಟಿದ್ದು ಒಂದು ಹುಡುಗಿಯ ಸಾವಿನ ಸಂದರ್ಭದಲ್ಲಿ ಎಂಬುದೇ ಮರೆತುಹೋಗುತ್ತದೆ. ಆ ಗಾನಕ್ಕೆ ಮೊದಲು ಏನಾಗಿದೆಯೆಂಬುದನ್ನು ನೆನೆಯಬೇಕು. ತಾಯಿ, ಪ್ರಿಯಕರ, ಸೋದರ ಮೂವರೂ ತಂದೆಯನ್ನು ಬೇಡಿಕೊಳ್ಳುವ, ತಂದೆ ಒಪ್ಪದಿರುವ ನಾಲ್ಕು ಧ್ವನಿಗಳ ಗಾನವಿದೆ. ಹ್ಯಾಂಡೆಲನ ಒರಟೋರಿಯೊಗಳಲ್ಲಿ ಅಂಥದು ಅಪರೂಪ. ಮಗಳ ಶಾಂತವಾದ ಒಪ್ಪಿಗೆಯಿದೆ. ತಂದೆಯ ಮನಸ್ಸು ಹೋಳುಹೋಳಾಗುವ, ಶ್ರುತಿಯಿಂದ ಶ್ರುತಿಗೆ ಎಡವುತ್ತಾ ಸಾಗುವ, ವಾದ್ಯವೃಂದದೊಡನೆ ಕೂಡಿದ ಮಾತುಗಾನವಿದೆ. ಮೊದಲ ಪ್ರಯೋಗದಲ್ಲಿ ಜಾನ್ ಬಿಯರ್ಡ್ ಇದನ್ನು ಹಾಡಿದನು. ಮಗಳ ಪಾತ್ರ ಜೂಲಿಯಾ ಫ್ರಾಸಿಯದು. ಇದೆಲ್ಲ ಮುಗಿದ ಮೇಲೆ ಮೇಳ ಏಳುತ್ತದೆ. ಯಾವ ಪಾತ್ರಕ್ಕೂ ಸಮಾಧಾನ ಹೇಳದೆ, ನಡೆದದ್ದನ್ನು ನೇರವಾಗಿ ದೇವರ ಮುಂದಿಡುತ್ತದೆ.

ಈ ಸಮೂಹಗಾನದ ಕೊನೆಯಲ್ಲಿ ಹ್ಯಾಂಡೆಲನು ಮಾಡಿದ ಒಂದು ಬದಲಾವಣೆ ಕಣ್ಣುನೋವಿನ ಟಿಪ್ಪಣಿಗಿಂತ ಹೆಚ್ಚು ಮಾತಾಡುತ್ತದೆ. ಮೊರೆಲನ ಪಠ್ಯದಲ್ಲಿ ಮೇಳ, ದೇವರು ವಿಧಿಸಿದ್ದು ನ್ಯಾಯವೆಂಬ ಸೂತ್ರಕ್ಕೆ ತಲೆಬಾಗುತ್ತಿತ್ತು. ಹ್ಯಾಂಡೆಲನು ಅದನ್ನು ತೆಗೆದು, ಅಲೆಕ್ಸಾಂಡರ್ ಪೋಪನ 1733–34ರ ತಾತ್ತ್ವಿಕ ಕಾವ್ಯದ ಪ್ರಸಿದ್ಧ ಸೂತ್ರವನ್ನು ಇಟ್ಟನು; ಜಗತ್ತಿನ ವ್ಯವಸ್ಥೆಯನ್ನು ಇರುವ ಹಾಗೆಯೇ ಸರಿಯೆಂದು ಸಾರುವ ಸೂತ್ರವದು. ಮೇಲುನೋಟಕ್ಕೆ ವ್ಯತ್ಯಾಸ ಸಣ್ಣದು. ಆದರೆ ಈ ಕಥೆಯಲ್ಲಿ ಅದು ಬಹಳ ದೊಡ್ಡದು. ಹರಕೆಯನ್ನು ದೇವರು ವಿಧಿಸಿರಲಿಲ್ಲ, ಮನುಷ್ಯನೊಬ್ಬ ಹೊತ್ತದ್ದು. ದೇವರು ವಿಧಿಸಿದ್ದು ನ್ಯಾಯವೆಂದು ಈ ಸಂದರ್ಭದಲ್ಲಿ ಹಾಡಿದರೆ ಯೆಫ್ತಾಹನ ಮಾತನ್ನು ದೇವರ ಲೆಕ್ಕಕ್ಕೆ ಬರೆದಂತಾಗುತ್ತದೆ. ಹ್ಯಾಂಡೆಲನ ಬದಲಾವಣೆಯಿಂದ ಆ ಸೂತ್ರದೊಳಗಿಂದ ದೇವರ ಹೆಸರು ಹೊರಬಿತ್ತು. ಉಳಿದದ್ದು ನಡೆದುಹೋದದ್ದು ಮಾತ್ರ, ಅದಕ್ಕೆ ಒಪ್ಪಿಗೆ ಕೊಡಬೇಕಾದ ಜನರು ಮಾತ್ರ.

ಆ ಒಪ್ಪಿಗೆ ಎಂಥದೆಂಬುದನ್ನು ಸಂಗೀತ ಹೇಳುತ್ತದೆ. ಸೂತ್ರವನ್ನು ಮೇಳ ಒಮ್ಮೆ ಹಾಡಿ ಸುಮ್ಮನಾಗುವುದಿಲ್ಲ. ಚಿಕ್ಕ ತುಣುಕುಗಳಾಗಿ, ನಡುವೆ ಮೌನವಿಟ್ಟು, ಎಲ್ಲ ಧ್ವನಿಗಳೂ ಒಟ್ಟಾಗಿ ಬಡಿದಂತೆ ಮತ್ತೆ ಮತ್ತೆ ಉಚ್ಚರಿಸುತ್ತದೆ. ಶ್ರುತಿ ಬೆಳಕಿಗೆ ಹೊರಳುವುದಿಲ್ಲ. ಆರಂಭದ ಕತ್ತಲ ಶ್ರುತಿಯಲ್ಲಿಯೇ ನಿಲ್ಲುತ್ತದೆ. ನಂಬಿದವನು ಇಷ್ಟು ಸಲ ಹೇಳುವುದಿಲ್ಲ. ನಂಬಲೇಬೇಕಾದವನು ಹೀಗೆ ಹೇಳುತ್ತಾನೆ. ಪೋಪನ ಕಾವ್ಯದಲ್ಲಿ ತರ್ಕದ ಸರಾಗ ನಿಗಮನವಾಗಿದ್ದ ಮಾತು ಇಲ್ಲಿ ಗಂಟಲಲ್ಲಿ ಸಿಕ್ಕಿಕೊಂಡ ಮಾತಾಗಿದೆ. ಪದಗಳು ಶರಣಾಗತಿಯನ್ನು ಹೇಳುತ್ತಿದ್ದರೆ ಸ್ವರಗಳು ಆ ಶರಣಾಗತಿಯ ಬೆಲೆಯನ್ನು ಎಣಿಸುತ್ತಿವೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಹ್ಯಾಂಡೆಲನು ಶ್ರದ್ಧಾವಂತ ಲೂಥರನ್ ಕ್ರೈಸ್ತ. ಅವನನ್ನು ಇಪ್ಪತ್ತನೆಯ ಶತಮಾನದ ಸಂಶಯವಾದಿಯನ್ನಾಗಿ ಮಾಡುವುದು ಕಾಲವಿರೋಧವಲ್ಲವೇ? ಪೋಪನ ಸೂತ್ರ ಅಂದು ಮನೆಮಾತಾಗಿದ್ದರಿಂದ ಅದನ್ನು ಬಳಸಿರಬಹುದಲ್ಲವೇ? ಮೂರನೆಯ ಅಂಕದ ಸಂಗೀತವನ್ನೂ ಅವನೇ ಬರೆದನಲ್ಲವೇ? ಈ ಆಕ್ಷೇಪಕ್ಕೆ ಬೆಲೆಯಿದೆ. ಆದರೆ ಇಲ್ಲಿ ವಾದಿಸುತ್ತಿರುವುದು ಹ್ಯಾಂಡೆಲನ ಶ್ರದ್ಧೆ ಅಲುಗಿತೆಂದಲ್ಲ. ಶ್ರದ್ಧೆಯುಳ್ಳವರೂ ಹೇಳಬೇಕಾದ ಪ್ರಶ್ನೆಯನ್ನು ಹೇಳಬಲ್ಲರು. ದೇವರ ಮುಂದೆ ದೂರು ಒಯ್ಯುವ ಕೀರ್ತನೆಗಳು ಬೈಬಲಿನಲ್ಲಿಯೇ ಬೇಕಾದಷ್ಟಿವೆ. ಇನ್ನು ಮೂರನೆಯ ಅಂಕದ ಮಾತು. ದೂತರು ಮಗಳನ್ನು ಆಕಾಶಕ್ಕೆ ಒಯ್ಯಲಿ ಎಂದು ತಂದೆ ಬೇಡುವ ಗೀತೆ ಹ್ಯಾಂಡೆಲನ ಅತ್ಯುತ್ತಮ ರಚನೆಗಳಲ್ಲಿ ಒಂದು. ಅದು ದೇವದೂತ ಬರುವ ಮೊದಲು, ಅವಳು ಸಾಯುವಳೆಂದು ನಂಬಿ ಹಾಡಿದ್ದು. ದೇವದೂತ ಬಂದ ಮೇಲಿನ ಗೀತೆಗಳು ಸುಂದರವಾಗಿವೆ, ಸಭ್ಯವಾಗಿವೆ. ಪಾತ್ರಗಳು ಸರದಿಯಂತೆ ಬಂದು ಕೃತಜ್ಞತೆ ಹೇಳುತ್ತವೆ. ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಕರುಣಕ್ಕೆ ವಿಭಾವ ಅನುಭಾವಗಳು ಪೂರ್ಣವಾಗಿ ಒದಗಿವೆ. ಶಾಂತವನ್ನು ಮಾತ್ರ ಹೆಸರಿಟ್ಟು ಕರೆಯಲಾಗಿದೆ. ಹೆಸರಿಟ್ಟ ಮಾತ್ರಕ್ಕೆ ರಸ ನಿಷ್ಪನ್ನವಾಗದು.

ಇನ್ನೊಂದು ಸಂಗತಿ ಈ ಓದಿಗೆ ಬಲ ಕೊಡುತ್ತದೆ. ದೇವದೂತನಿಲ್ಲದ ಮುಕ್ತಾಯ ಹೇಗಿರುತ್ತದೆಂಬುದು ಹ್ಯಾಂಡೆಲನಿಗೆ ತಿಳಿಯದ ವಿಷಯವಲ್ಲ. 1743ರ ಫೆಬ್ರವರಿ 18ರಂದು ಮೊದಲು ಪ್ರಯೋಗಗೊಂಡ ತನ್ನ ‘ಸ್ಯಾಮ್ಸನ್’ ಒರಟೋರಿಯೊದಲ್ಲಿ, ಯಾಕೋಬನ ದೇವರನ್ನು ಮೊರೆಯಿಡುವ ಸಮೂಹಗಾನಕ್ಕೆ ಅವನು ಎರವಲು ಪಡೆದದ್ದು ಕಾರಿಸ್ಸಿಮಿಯ ‘ಜೆಫ್ತೆ’ಯ ಕೊನೆಯ ಶೋಕಗಾನವನ್ನೇ. ಯೆಫ್ತಾಹನ ಮಗಳಿಗಾಗಿ ರೋಮ್ ಅತ್ತ ಅಳು ಹೀಗೆ ಲಂಡನ್ನಿನಲ್ಲಿ ಬೇರೊಬ್ಬ ನ್ಯಾಯಸ್ಥಾಪಕನ ಕಥೆಯಲ್ಲಿ ಕೇಳಿಬಂದಿತ್ತು. ಎಂಟು ವರ್ಷಗಳ ನಂತರ ಅದೇ ಮಗಳ ಕಥೆ ಅವನ ಮೇಜಿಗೆ ಬಂದಾಗ, ಅವಳ ಸ್ವಂತ ಅಳುವಿಗೆ ಕೊನೆಯಲ್ಲಿ ಜಾಗವಿರಲಿಲ್ಲ. ಆ ಅಳು ಎರಡನೆಯ ಅಂಕದ ಕೊನೆಗೆ ಸರಿದು, ಪ್ರಶ್ನೆಯ ರೂಪ ತಾಳಿತು.

ನಷ್ಟದ ಮಾತು ಇಲ್ಲಿಯೇ ಬರುತ್ತದೆ. ಮೊರೆಲ್ ಮಗಳಿಗೆ ಹೆಸರು ಕೊಟ್ಟನು, ತಾಯಿಯನ್ನು ಕೊಟ್ಟನು, ಪ್ರಿಯನನ್ನು ಕೊಟ್ಟನು, ಕೊನೆಗೆ ಜೀವವನ್ನೂ ಕೊಟ್ಟನು. ಆದರೆ ಮೂಲಗ್ರಂಥ ಅವಳಿಗೆ ಕೊಟ್ಟಿದ್ದ ಒಂದನ್ನು ಕಸಿದುಕೊಂಡನು: ವರ್ಷವರ್ಷವೂ ಅವಳನ್ನು ನೆನೆದು ಹೊರಡುವ ಹೆಣ್ಣುಮಕ್ಕಳನ್ನು. ಸಾಯದವಳಿಗೆ ಶೋಕವೆಲ್ಲಿಂದ ಬರಬೇಕು? ಬದುಕಿ ಉಳಿದವಳು ಮದುವೆಯ ಕನಸನ್ನು ಬಿಟ್ಟು ಬಾಳಬೇಕೆಂಬ ತೀರ್ಪನ್ನು ಎಲ್ಲರೂ ಹಬ್ಬದಂತೆ ಸ್ವಾಗತಿಸುತ್ತಾರೆ. ಅದೂ ತಂದೆಯ ಮಾತಿಗೆ ಅವಳು ತೆರುತ್ತಿರುವ ಬೆಲೆಯೇ ಎಂದು ಯಾರೂ ಹೇಳುವುದಿಲ್ಲ. ಮೂಲಗ್ರಂಥ ತಂದೆಯ ತಪ್ಪನ್ನು ಮಾತಿನಲ್ಲಿ ಹೇಳದೆ, ಅಳುವವರ ಆಚರಣೆಯಿಂದ ತೋರಿಸಿತ್ತು. ಸಮುದಾಯವೊಂದು ಒಂದು ಸಾವಿಗಾಗಿ ಪ್ರತಿವರ್ಷ ಅಳುತ್ತದೆಯೆಂದರೆ, ಆ ಸಾವು ಆಗಬಾರದಿತ್ತೆಂದು ಅದು ಪ್ರತಿವರ್ಷ ಒಪ್ಪಿಕೊಳ್ಳುತ್ತದೆ ಎಂದೇ ಅರ್ಥ. ಫಿಲಿಸ್ ಟ್ರಿಬಲ್ ಅವರು 1984ರಲ್ಲಿ ಪ್ರಕಟಿಸಿದ, ಬೈಬಲಿನ ಹಿಂಸೆಗೊಳಗಾದ ಸ್ತ್ರೀಯರನ್ನು ಕುರಿತ ಗ್ರಂಥದಲ್ಲಿ ಈ ಮಗಳ ಕಥೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟದ್ದು, ಆ ನಾಲ್ಕು ದಿನಗಳ ಆಚರಣೆಯನ್ನು ವಿದ್ವತ್ತಿನ ಭಾಷೆಯಲ್ಲಿ ಮುಂದುವರಿಸಿದಂತೆಯೇ ಸರಿ.

ಮುಂದಿನ ಅಧ್ಯಾಯವನ್ನೂ ಓದಿದವರಿಗೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಗಳ ಬಲಿಯ ನಂತರ ಯೆಫ್ತಾಹನು ಸ್ವಜನರೇ ಆದ ಎಫ್ರಾಯೀಮ್ಯರೊಡನೆ ಯುದ್ಧ ಮಾಡುತ್ತಾನೆ. ಯೊರ್ದನ್ ನದಿಯ ಹಾಯ್ಗಡದಲ್ಲಿ ಒಂದೇ ಒಂದು ಪದವನ್ನು ಸರಿಯಾಗಿ ಉಚ್ಚರಿಸಲಾರದವರನ್ನು ಹಿಡಿದು ಕೊಲ್ಲಲಾಯಿತು. ಸತ್ತವರು ನಲವತ್ತೆರಡು ಸಾವಿರವೆಂದು ಗ್ರಂಥ ಹೇಳುತ್ತದೆ. ಹಿಂದಿನ ಅಧ್ಯಾಯದಲ್ಲಿ ಒಂದು ಮಾತಿಗಾಗಿ ಮಗಳ ಜೀವ ಹೋಯಿತು, ಇಲ್ಲಿ ಒಂದು ಅಕ್ಷರಕ್ಕಾಗಿ ನೆರೆಯವರ ಜೀವ. ಅವನು ಆರು ವರ್ಷ ನ್ಯಾಯಸ್ಥಾಪಕನಾಗಿದ್ದು ತೀರಿಕೊಂಡನು. ಅವನಿಗಾಗಿ ಯಾರಾದರೂ ವರ್ಷಕ್ಕೊಮ್ಮೆ ಅತ್ತರೆಂದು ಗ್ರಂಥ ಹೇಳುವುದಿಲ್ಲ.

ಹಾಗೆಂದು ಹ್ಯಾಂಡೆಲನ ಕೃತಿಯನ್ನು ಬದಿಗಿಡಬೇಕೆಂದಲ್ಲ; ಅದನ್ನು ಕೇಳುವ ಕ್ರಮ ಬದಲಾಗಬೇಕು. ಗೀತಪಠ್ಯವನ್ನು ಮಾತ್ರ ಓದಿ ಇದು ಸುಖಾಂತ ಕೃತಿಯೆಂದು ತೀರ್ಮಾನಿಸುವುದು, ಪಾತ್ರದ ಕೊನೆಯ ಸಂಭಾಷಣೆಯನ್ನೇ ನಾಟಕದ ತಾತ್ಪರ್ಯವೆಂದು ಬರೆಯುವ ಪರೀಕ್ಷಾರ್ಥಿಯ ತಪ್ಪು. ಪಾಠಕ್ಕೆ ತೆಗೆದುಕೊಳ್ಳುವವರು ನ್ಯಾಯಸ್ಥಾಪಕರ ಹನ್ನೊಂದನೆಯ ಅಧ್ಯಾಯ, ಕಾರಿಸ್ಸಿಮಿಯ ‘ಜೆಫ್ತೆ’, ಹ್ಯಾಂಡೆಲನ ‘ಜೆಫ್ತಾ’ ಈ ಮೂರನ್ನೂ ಒಟ್ಟಿಗೆ ಇಡುವುದು ಒಳ್ಳೆಯದು. ಮೊದಲನೆಯದರಲ್ಲಿ ಮೌನವಿದೆ, ಎರಡನೆಯದರಲ್ಲಿ ಶೋಕವಿದೆ, ಮೂರನೆಯದರಲ್ಲಿ ಸಮಾಧಾನದ ನಡುವೆ ಸಿಕ್ಕಿಹಾಕಿಕೊಂಡ ಪ್ರಶ್ನೆಯಿದೆ. ಮಗಳನ್ನು ಬದುಕಿಸುವ ಆಸೆಯನ್ನು ಯಾರೂ ಹಳಿಯಲಾರರು. ಆದರೆ ಕಥೆಯಲ್ಲಿ ಅವಳನ್ನು ಬದುಕಿಸಿದ ಮಾತ್ರಕ್ಕೆ ಅವಳ ಮೇಲೆ ನಡೆದದ್ದು ನಡೆಯದಂತಾಗುವುದಿಲ್ಲ. ದೇವದೂತ ಬರುವವರೆಗೆ ಅವಳು ತನ್ನ ಸಾವನ್ನು ಒಪ್ಪಿ ನಿಂತಿದ್ದಳು, ಸುತ್ತಲಿನವರು ಅದನ್ನು ಸರಿಯೆಂದು ಹಾಡಬೇಕಾಗಿತ್ತು; ಹಾಡುವಾಗ ಅವರ ಧ್ವನಿ ಒಡೆಯಿತು. ಹ್ಯಾಂಡೆಲನು ಆ ಒಡಕನ್ನು ಮುಚ್ಚಲಿಲ್ಲ. ಮೂರನೆಯ ಅಂಕ ಎಷ್ಟೇ ಇಂಪಾಗಿ ಮುಗಿದರೂ ಕಿವಿಯಲ್ಲಿ ಉಳಿಯುವುದು ಅದೇ.